ಫೆಲಿಸಿತಾಳ ಸೆರೆಮನೆ: ಗರ್ಭಿಣಿ ಬಂದಿ ಮತ್ತು ಕಾನೂನು

ಮಾರ್ಚ್ 7ರಂದು ಧರ್ಮಸಭೆ ಸಂತ ಪೆರ್ಪೆತುವಾ ಮತ್ತು ಸಂತ ಫೆಲಿಸಿತಾರನ್ನು ಸ್ಮರಿಸುತ್ತದೆ. ಅವರ ರಕ್ತಸಾಕ್ಷ್ಯದ ಕುರಿತು ನಾವು ಪ್ರಬೋಧಿಸುತ್ತೇವೆ. ಅವರಲ್ಲೊಬ್ಬಳು ಸೆರೆಯಲ್ಲಿಯೇ ಹೆತ್ತವಳೆಂಬುದನ್ನು ಮಾತ್ರ ಬೇಗನೆ ದಾಟಿಬಿಡುತ್ತೇವೆ.

ಕ್ರಿ.ಶ. 203ರಲ್ಲಿ ಕಾರ್ಥೇಜಿನ ಸೆರೆಮನೆಯಲ್ಲಿದ್ದ ದಾಸಿ ಫೆಲಿಸಿತಾ ಎಂಟು ತಿಂಗಳ ಗರ್ಭಿಣಿ. ಗರ್ಭಿಣಿಗೆ ವಿಧಿಸಿದ ಮರಣದಂಡನೆಯನ್ನು ಹೆರಿಗೆಯವರೆಗೆ ಮುಂದೂಡಬೇಕೆಂಬುದು ರೋಮನ್ ಕಾನೂನು. ಅವಳ ಕಾಲದವನೇ ಆದ ನ್ಯಾಯಶಾಸ್ತ್ರಜ್ಞ ಉಲ್ಪಿಯಾನನ ಈ ನಿಯಮ ಮುಂದೆ ಜಸ್ಟಿನಿಯನನ ಕಾನೂನು ಸಂಗ್ರಹದಲ್ಲಿ ಉಳಿದುಬಂದಿದೆ. ಈ ರಿಯಾಯಿತಿಯೇ ಫೆಲಿಸಿತಾಳ ದುಃಖಕ್ಕೆ ಕಾರಣವಾಯಿತು. ಸಂಗಡಿಗರು ಮುಂದೆ ಹೋಗಿ, ತಾನೊಬ್ಬಳೇ ಹಿಂದುಳಿದು ಪಾತಕಿಗಳ ಜೊತೆ ಸಾಯಬೇಕಾದೀತೆಂದು ಅವಳು ಅಳುಕಿದಳು. ಅವರೆಲ್ಲ ಪ್ರಾರ್ಥಿಸಿದರು, ಅವಧಿಗೆ ಮುನ್ನವೇ ನೋವು ಬಂತು. ನೋವಿನಲ್ಲಿ ನರಳುತ್ತಿದ್ದವಳನ್ನು ಕಾವಲಿನವನೊಬ್ಬ ಹಂಗಿಸಿದ. ಹುಟ್ಟಿದ್ದು ಹೆಣ್ಣುಮಗು, ಅದನ್ನು ವಿಶ್ವಾಸಿ ಸಹೋದರಿಯೊಬ್ಬಳು ಸಾಕಿಕೊಂಡಳು. ಕೆಲವೇ ದಿನಗಳಲ್ಲಿ ಅಖಾಡಕ್ಕೆ ತಂದಾಗ ಫೆಲಿಸಿತಾಳ ಎದೆಯಿಂದ ಹಾಲು ಸೋರುತ್ತಿತ್ತು. ಮೃಗಗಳ ಆಟ ನೋಡಲು ಬಂದ ಜನವೇ ಅದನ್ನು ಕಂಡು ನಡುಗಿತು. ಬರಿಮೈಯಲ್ಲಿದ್ದ ಇಬ್ಬರನ್ನೂ ಹಿಂದಕ್ಕೆ ಕರೆಸಿ ಬಟ್ಟೆ ಉಡಿಸಬೇಕಾಯಿತು.

ಕಾನೂನಿನ ಕಣ್ಣು ಹುಟ್ಟಲಿದ್ದ ಮಗುವಿನ ಮೇಲಿತ್ತು. ತಾಯಿಗೆ ಅದು ಕೊಟ್ಟದ್ದು ಗಡುವು ಮಾತ್ರ, ಆರೈಕೆಯನ್ನಲ್ಲ. ಆರೈಕೆ ಬಂದದ್ದು ಹೊರಗಿನಿಂದ. ಹಾಲೂಡಿಸುವ ಕೂಸಿದ್ದ ಪೆರ್ಪೆತುವಾಳನ್ನೂ ಸಂಗಡಿಗರನ್ನೂ ಕೆಲವು ತಾಸು ಸೆರೆಮನೆಯ ಉತ್ತಮ ಭಾಗದಲ್ಲಿರಿಸಲು ತೆರ್ತಿಯುಸ್ ಮತ್ತು ಪೊಂಪೋನಿಯುಸ್ ಎಂಬ ಡೀಕನರು ಕಾವಲುಗಾರರಿಗೆ ಹಣ ತೆತ್ತರು. ನೀತಿಶಾಸ್ತ್ರದ ತರಗತಿಯಲ್ಲಿ ಇದನ್ನು ಲಂಚವೆನ್ನಬೇಕಾದೀತು. ಧರ್ಮಸಭೆಯ ಸೆರೆಮನೆ ಸೇವೆಯ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು.

ಉಲ್ಪಿಯಾನನ ತರ್ಕ ನಮ್ಮ ದೇಶದಲ್ಲೂ ಬಹುಕಾಲ ಬಾಳಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 416ನೆಯ ಕಲಂ ಪ್ರಕಾರ ಗರ್ಭಿಣಿಯ ಮರಣದಂಡನೆಯನ್ನು ಹೈಕೋರ್ಟು ಮುಂದೂಡಬೇಕಿತ್ತು. ಜೀವಾವಧಿಗೆ ಇಳಿಸುವುದು ಅದರ ವಿವೇಚನೆಗೆ ಬಿಟ್ಟದ್ದು. ಇಳಿಸಲೇಬೇಕೆಂದಾದದ್ದು 2008ರ ತಿದ್ದುಪಡಿಯಿಂದ.

ಸಂಕೋಲೆಯ ಚರಿತ್ರೆ ಬೇರೆಯೇ ದಾರಿ ಹಿಡಿಯಿತು. 1894ರ ಕಾರಾಗೃಹ ಕಾಯಿದೆಯಂಥ ಕಠಿಣ ಶಾಸನವೂ ಕೈಕೋಳ, ಕಾಲುಬೇಡಿ ಮತ್ತು ಛಡಿಯೇಟಿನ ಶಿಕ್ಷೆಗಳಿಂದ ಹೆಣ್ಣು ಬಂದಿಗಳನ್ನು ಹೊರಗಿಟ್ಟಿತ್ತು. ಆದರೆ ಅದು ಸೆರೆಮನೆಯೊಳಗಿನ ಶಿಸ್ತುಕ್ರಮದ ಮಾತು. ಆಸ್ಪತ್ರೆಯ ಹಾಸಿಗೆಯ ಪ್ರಶ್ನೆ ಹಾಗೆಯೇ ಉಳಿಯಿತು. ಅಸ್ಸಾಮಿನಲ್ಲಿ ಬಂದಿಗಳನ್ನು ಆಸ್ಪತ್ರೆಯ ಮಂಚಕ್ಕೆ ಬಿಗಿದ ಪ್ರಕರಣದಲ್ಲಿ, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಬಂದಿಗೆ ಕೋಳ ತೊಡಿಸಕೂಡದೆಂದು ಸುಪ್ರೀಂ ಕೋರ್ಟು 1995ರಲ್ಲಿ ವಿಧಿಸಿತು. ಹೆರಿಗೆಯ ನೋವಿನಲ್ಲಿ, ಹೆರಿಗೆಯ ಹೊತ್ತಿನಲ್ಲಿ, ಅದರ ಬೆನ್ನಿಗೇ ಯಾವ ಬಂಧನ ಸಾಧನವನ್ನೂ ಬಳಸಬಾರದೆಂದು ಸ್ಪಷ್ಟವಾಗಿ ನುಡಿದದ್ದು ವಿಶ್ವಸಂಸ್ಥೆಯ 2010ರ ಬ್ಯಾಂಕಾಕ್ ನಿಯಮಾವಳಿ, ಅದರ 24ನೆಯ ನಿಯಮದಲ್ಲಿ. ಫೆಲಿಸಿತಾಳಿಂದ ಅಲ್ಲಿಗೆ ಸಾವಿರದ ಎಂಟುನೂರು ವರ್ಷ!

ಕೋಣನಕುಂಟೆಯಲ್ಲಿ ಕುಳಿತು ಬರೆಯುವ ನನಗೆ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹ ದೂರವೇನಲ್ಲ. ಗುರುಮಠದ ಸಹೋದರರು ಇಂಥ ಸೆರೆಮನೆಗಳಿಗೆ ಜಪಮಾಲೆ, ಹಣ್ಣು, ಹಬ್ಬದ ಹಾಡುಗಳೊಂದಿಗೆ ಹೋಗುತ್ತಾರೆ. ಅವರು ತಿಳಿದಿರಬೇಕಾದದ್ದು ಆರ್.ಡಿ. ಉಪಾಧ್ಯಾಯ ಮೊಕದ್ದಮೆಯ 2006ರ ತೀರ್ಪು. ಗರ್ಭಿಣಿಯನ್ನು ಒಂದು ಜೈಲಿಗೆ ಕಳುಹಿಸುವ ಮುನ್ನ ಅಲ್ಲಿ ಹೆರಿಗೆಗೆ ಬೇಕಾದ ಕನಿಷ್ಠ ಅನುಕೂಲಗಳಿವೆಯೇ ಎಂದು ನೋಡಬೇಕು. ಸಾಧ್ಯವಾದಷ್ಟೂ ಹೆರಿಗೆ ಹೊರಗಿನ ಆಸ್ಪತ್ರೆಯಲ್ಲಿ ಆಗಬೇಕು. ಮಗು ಆರು ವರ್ಷದವರೆಗೆ ತಾಯಿಯ ಬಳಿ ಇರಬಹುದು. ಇನ್ನೊಂದು ಮಾತೂ ಅದರಲ್ಲಿದೆ: ಮಗು ಜೈಲಿನಲ್ಲೇ ಹುಟ್ಟಿದರೂ ಜನನ ನೋಂದಣಿಯಲ್ಲಿ ಜೈಲಿನ ಹೆಸರು ಬರಕೂಡದು, ಆ ಪ್ರದೇಶದ ವಿಳಾಸ ಮಾತ್ರ ಬರೆಯಬೇಕು.

ಧರ್ಮಸಭೆಯ ಕಾನೂನು ಸಂಹಿತೆಯ 877ನೆಯ ನಿಯಮದ ಪ್ರಕಾರ ಜ್ಞಾನಸ್ನಾನದ ದಾಖಲೆಯಲ್ಲಿ ಜನ್ಮಸ್ಥಳವನ್ನೂ ನಮೂದಿಸಬೇಕು. ಸೆರೆಯಲ್ಲಿ ಹುಟ್ಟಿದ ಕೂಸನ್ನು ನಾಳೆ ಯಾರಾದರೂ ಧರ್ಮಕೇಂದ್ರಕ್ಕೆ ಎತ್ತಿಕೊಂಡು ಬಂದರೆ, ಆ ಜಾಗದಲ್ಲಿ ಊರಿನ ಹೆಸರನ್ನಷ್ಟೇ ಬರೆದರೆ ಸಾಕು.