ಐದು ಅಡಿ ನೀರಿನ ಸಾಮ್ರಾಜ್ಯ

ಐರಾವತಿ ನದಿಯಲ್ಲಿ ಬರ್ಮಾ ದೊರೆಯ ಯುದ್ಧದೋಣಿಗಳನ್ನು ಬೆನ್ನಟ್ಟಿ ಹಿಡಿಯುವುದು ಹಾಯಿಹಡಗಿನಿಂದ ಆಗದ ಮಾತಾಗಿತ್ತು. ತೇಗದ ಉದ್ದನೆಯ ದೋಣಿ, ಎರಡೂ ಪಕ್ಕ ಸಾಲಾಗಿ ಕೂತ ಹುಟ್ಟುಗಾರರು, ಮುಂತುದಿಯಲ್ಲೊಂದು ಫಿರಂಗಿ. ಗಾಳಿ ಬಿದ್ದರೂ ಅವುಗಳ ಓಟ ನಿಲ್ಲುತ್ತಿರಲಿಲ್ಲ. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬರ್ಮಾದ ಮೇಲೆ ಯುದ್ಧ ಸಾರಿದಾಗ, ಹಿಂದಿನ ವರ್ಷವಷ್ಟೇ ಕಲ್ಕತ್ತದ ಕಿಡ್ಡರ್‌ಪುರದಲ್ಲಿ ನೀರಿಗಿಳಿದಿದ್ದ ‘ಡಯಾನಾ’ ಎಂಬ ಪುಟ್ಟ ಉಗಿಹಡಗೂ ಆ ನದಿಗೆ ಬಂತು. ಅದನ್ನು ಯುದ್ಧಕ್ಕೆ ಬಳಸಿ ಎಂದು ಒತ್ತಾಯಿಸಿದವನು ಕ್ಯಾಪ್ಟನ್ ಫ್ರೆಡರಿಕ್ ಮ್ಯಾರಿಯಟ್. ಮುಂದೆ ಕಡಲ ಕಾದಂಬರಿಗಳಿಂದ ಹೆಸರಾದವನು.

ಡಯಾನಾದ ಯುದ್ಧತಂತ್ರ ಸರಳವಾಗಿತ್ತು. ದೋಣಿಗಳ ಬೆನ್ನು ಬಿಡದೆ ಹೋಗುತ್ತಲೇ ಇರುವುದು. ಹುಟ್ಟು ಹಾಕುವ ತೋಳು ಎಷ್ಟು ಗಟ್ಟಿಯಾದರೂ ಒಂದು ಹೊತ್ತಿಗೆ ಸೋಲಲೇಬೇಕು. ಬಾಯ್ಲರಿನಲ್ಲಿ ಬೆಂಕಿ ಇರುವವರೆಗೆ ಚಕ್ರಕ್ಕೆ ದಣಿವಿಲ್ಲ. ಹುಟ್ಟುಗಾರರು ಉಸಿರುಗಟ್ಟಿ ಕೈಬಿಟ್ಟಾಗ ಫಿರಂಗಿಯೂ ರಾಕೆಟ್ಟೂ ತಮ್ಮ ಕೆಲಸ ಮುಗಿಸುತ್ತಿದ್ದವು. ಆ ಯುದ್ಧದಲ್ಲಿ ಬ್ರಿಟಿಷರ ಕಡೆಯ ಸುಮಾರು 15,000 ಮಂದಿ ಸತ್ತರು, ಬಹುಪಾಲು ರೋಗದಿಂದ. ಆದರೂ 1826ರ ಫೆಬ್ರವರಿ 24ರಂದು ಯಂಡಬೋ ಒಪ್ಪಂದಕ್ಕೆ ಸಹಿ ಬಿದ್ದಾಗ ಬರ್ಮಾದ ಅರಸ ಅರಾಕಾನ್, ತೆನಸರಿಂ ಪ್ರಾಂತಗಳನ್ನು ಬಿಟ್ಟುಕೊಟ್ಟು, ಅಸ್ಸಾಮಿನ ಮೇಲಿನ ಹಕ್ಕನ್ನೂ ತೊರೆದು, ಒಂದು ಕೋಟಿ ರೂಪಾಯಿ ದಂಡ ತೆರಬೇಕಾಯಿತು.

ಬ್ರಿಟಿಷರ ಕಡಲ ಬಲ ಎಂದರೆ ಟ್ರಫಾಲ್ಗರ್, ನೆಲ್ಸನ್, ನೂರು ಫಿರಂಗಿಗಳ ಭಾರಿ ಹಡಗುಗಳೇ ಕಣ್ಣ ಮುಂದೆ ಬರುತ್ತವೆ. ಆ ಹಡಗುಗಳಿಗೆ ಇಪ್ಪತ್ತು ಅಡಿಗೂ ಮಿಕ್ಕ ಆಳ ಬೇಕು. ಅಳಿವೆಯ ಬಾಯಲ್ಲಿ ಮರಳದಿಬ್ಬ ಸಿಕ್ಕರೆ ಅವುಗಳ ಪೌರುಷ ಅಲ್ಲಿಗೇ ಮುಗಿಯಿತು. ಏಷ್ಯಾ, ಆಫ್ರಿಕಾಗಳ ಎಷ್ಟೋ ರಾಜಧಾನಿಗಳು, ದೊಡ್ಡ ಪೇಟೆಗಳು ಇದ್ದದ್ದು ನದಿಗುಂಟ ಒಳನಾಡಿನಲ್ಲಿ. ಅಲ್ಲಿಯವರೆಗೆ ಸಾಮ್ರಾಜ್ಯವನ್ನು ಹೊತ್ತೊಯ್ದವು ಐದಾರು ಅಡಿ ನೀರಿನಲ್ಲಿ ತೇಲಬಲ್ಲ ಸಣ್ಣ ಹಡಗುಗಳು.

ಅವುಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದದ್ದು ‘ನೆಮೆಸಿಸ್’. ಬರ್ಕನ್‌ಹೆಡ್‌ನಲ್ಲಿ ಜಾನ್ ಲೇರ್ಡ್ ಇದನ್ನು ಕಂಪನಿಗಾಗಿ ಕಟ್ಟಿದ್ದು 1839ರಲ್ಲಿ. ಇದರ ಹಿಂದೆ ನಿಂತು ಕೆಲಸ ಮಾಡಿಸಿದವನು ಕಂಪನಿಯ ಅಧಿಕಾರಿ ಥಾಮಸ್ ಲವ್ ಪೀಕಾಕ್, ಅವನೂ ಕಾದಂಬರಿಕಾರನೇ. ಹಡಗಿನ ಉದ್ದ 184 ಅಡಿ, ಅಗಲ 29 ಅಡಿ, ಮೈಯೆಲ್ಲ ಕಬ್ಬಿಣ. ತಳ ಚಪ್ಪಟೆ, ಕಡಲಿನಲ್ಲಿ ಓಲಾಡದಂತೆ ಕೆಳಗಿಳಿಸಿ, ಹೊಳೆಗೆ ಬಂದಾಗ ಮೇಲೆತ್ತಿಕೊಳ್ಳುವ ಎರಡು ಹಲಗೆಗಳು. ಒಳಗೆ ನೀರು ದಾಟದ ಅಡ್ಡಗೋಡೆಗಳು, ಒಂದು ಕೋಣೆ ಸೀಳಿದರೂ ಹಡಗು ಮುಳುಗದ ಹಾಗೆ. ಹಿಂದೊಂದು ಮುಂದೊಂದು, ಎತ್ತ ಬೇಕಾದರೂ ತಿರುಗುವ 32 ಪೌಂಡಿನ ಫಿರಂಗಿ. ಕ್ಯಾಪ್ಟನ್ ವಿಲಿಯಂ ಹಾಲ್ 1840ರ ಮಾರ್ಚ್‌ನಲ್ಲಿ ಪೋರ್ಟ್ಸ್‌ಮತ್‌ನಿಂದ ಹೊರಟಾಗ, ಹಡಗು ಒಡೆಸ್ಸಾಕ್ಕೆ ಹೋಗುತ್ತದೆಂದು ಹೊರಗೆ ಹೇಳಲಾಗಿತ್ತು. ಅದು ಹೋದದ್ದು ಗುಡ್ ಹೋಪ್ ಭೂಶಿರ ಸುತ್ತಿ ಚೀನಾಕ್ಕೆ. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಕಬ್ಬಿಣದ ಪಕ್ಕ ಬಿರುಕುಬಿಟ್ಟಿತು. ಆಫ್ರಿಕಾದ ಡೆಲಗೋವಾ ಕೊಲ್ಲಿಯಲ್ಲಿ ರಿಪೇರಿ ಮಾಡಿಕೊಂಡು ಮುಂದೆ ಸಾಗಿತು.

ಅಲ್ಲಿ ನಡೆಯುತ್ತಿದ್ದದ್ದು, ಅಫೀಮನ್ನು ತಡೆಯಹೊರಟ ಚೀನಾದ ಮೇಲೆ ಬ್ರಿಟಿಷರು ಹೂಡಿದ ಯುದ್ಧ. ಆ ಅಫೀಮು ಬೆಳೆದದ್ದು ನಮ್ಮ ದೇಶದ ಹೊಲಗಳಲ್ಲಿ ಎಂಬುದನ್ನು ಇಲ್ಲಿ ಮರೆಯಬಾರದು.

1841ರ ಜನವರಿ 7ರಂದು ಪರ್ಲ್ ನದಿಯ ಬಾಯಲ್ಲಿರುವ ಚುವೆನ್‌ಪಿ ಎಂಬಲ್ಲಿ ಚೀನೀ ಹಡಗುಗಳು ಆಳವಿಲ್ಲದ ನೀರಿನಲ್ಲಿ ನಿಂತಿದ್ದವು. ದೊಡ್ಡ ಹಡಗುಗಳು ಅಲ್ಲಿಗೆ ಬರಲಾರವು ಎಂಬ ಎಣಿಕೆ ಸರಿಯಾಗಿಯೇ ಇತ್ತು. ಬಂದದ್ದು ನೆಮೆಸಿಸ್. ಅದು ಹಾರಿಸಿದ ಒಂದು ಕಾಂಗ್ರೀವ್ ರಾಕೆಟ್ ‘ಜಂಕ್’ ಎಂಬ ದೊಡ್ಡದೊಂದು ಚೀನೀ ಹಾಯಿಹಡಗನ್ನು ಹೊಕ್ಕು ಮದ್ದಿನ ಕೋಣೆಗೆ ಬೆಂಕಿ ತಗುಲಿಸಿತು. ಹಡಗು, ಅದರಲ್ಲಿದ್ದ ಜನ, ಎಲ್ಲವೂ ಒಂದು ಗಳಿಗೆಯಲ್ಲಿ ಇಲ್ಲವಾದವು. ಕನ್ನಡದ ಓದುಗರು ಈ ರಾಕೆಟ್ಟಿನ ಕುಲ ತಿಳಿಯಬೇಕು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಹಾರಿಸುವ ವಿದ್ಯೆಯಿಂದ ಹೈದರಾಲಿ, ಟಿಪ್ಪುವಿನ ಸೈನ್ಯ ಕಂಪನಿಯನ್ನು ಕಾಡಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರ ಸೇರಿದವು. ವಿಲಿಯಂ ಕಾಂಗ್ರೀವ್ ಅವುಗಳ ಮಾದರಿಯಿಂದಲೇ ತನ್ನ ರಾಕೆಟ್ಟನ್ನು ರೂಪಿಸಿದ. ಮೈಸೂರು ತನ್ನನ್ನು ಉಳಿಸಿಕೊಳ್ಳಲು ಕಂಡುಕೊಂಡದ್ದು, ನಾಲ್ಕು ದಶಕ ಕಳೆದು ಚೀನೀ ನಾವಿಕರನ್ನು ಸುಟ್ಟಿತು.

ಮಾರ್ಚ್‌ನಲ್ಲಿ ನೆಮೆಸಿಸ್ ಮಕಾವಿನ ಹಿಂಬದಿಯ ಕವಲುಗಳಿಗೆ ನುಗ್ಗಿ, ತಳ ಕೆಸರಿಗೆ ತಾಗುತ್ತಿದ್ದರೂ ನಿಲ್ಲದೆ, ಎದುರಾದ ಕೋಟೆಗಳನ್ನೂ ದೋಣಿಗಳನ್ನೂ ಹಾಳುಗೆಡವುತ್ತ ಕ್ಯಾಂಟನ್ನಿನ ದಿಕ್ಕಿಗೆ ಹೋಯಿತು. ಮರುವರ್ಷ ಯಾಂಗ್ಟ್ಸೆ ನದಿಯಲ್ಲಿ ಉಗಿಹಡಗುಗಳು ಇನ್ನೊಂದು ಕೆಲಸ ಮಾಡಿದವು: ಹಾಯಿಯ ಯುದ್ಧನೌಕೆಗಳನ್ನು ಹಗ್ಗ ಕಟ್ಟಿ ಪ್ರವಾಹಕ್ಕೆದುರಾಗಿ ಎಳೆದೊಯ್ದವು. 1842ರ ಜುಲೈನಲ್ಲಿ ಝೆನ್‌ಜಿಯಾಂಗ್ ಬಿತ್ತು. ಮಹಾಕಾಲುವೆ ಯಾಂಗ್ಟ್ಸೆಯನ್ನು ದಾಟುವ ಜಾಗ ಅದು. ಬೀಜಿಂಗಿಗೆ ಅಕ್ಕಿ ಹೋಗುವ ದಾರಿ. ಅನ್ನದ ದಾರಿಯೇ ಕಟ್ಟಿದ ಮೇಲೆ ಚಕ್ರವರ್ತಿ ಮಣಿದ. ಆಗಸ್ಟ್ 29ರಂದು ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ‘ಕಾರ್ನ್‌ವಾಲಿಸ್’ ಹಡಗಿನ ಮೇಲೆ. ಮುಂಬಯಿಯಲ್ಲಿ ವಾಡಿಯಾ ಮನೆತನದವರು ತೇಗದಿಂದ ಕಟ್ಟಿದ ಹಡಗದು. ಮುಂಬಯಿಯ ಹಡಗುಕಟ್ಟೆಗಳಿಗೆ ಮಲಬಾರಿನ ಜೊತೆಗೆ ಕೆನರಾದ ಕಾಡುಗಳಿಂದಲೂ ಆ ದಿನಗಳಲ್ಲಿ ತೇಗ ಹೋಗುತ್ತಿತ್ತು.

ಕ್ರಿಮಿಯಾ ಯುದ್ಧದ ಹೊತ್ತಿಗೆ ಇಂಥ ಸಣ್ಣ ಫಿರಂಗಿ ಹಡಗು, ಅಂದರೆ ಗನ್‌ಬೋಟ್, ಕಾರ್ಖಾನೆಯ ಮಾಲಾಯಿತು. ‘ಆಲ್ಬಕೋರ್’ ಎಂಬ ಒಂದೇ ಮಾದರಿಯವೇ 98. ತಲಾ 106 ಅಡಿ ಉದ್ದ, ಆರೂವರೆ ಅಡಿ ನೀರು ಸಾಕು, ನಲವತ್ತರ ಆಸುಪಾಸು ಜನ. ಅವಸರದಲ್ಲಿ ಹಸಿ ಮರದಿಂದ ಕಟ್ಟಿದ್ದರಿಂದ ಎಷ್ಟೋ ಬೋಟುಗಳು ಕೆಲವೇ ವರ್ಷಗಳಲ್ಲಿ ಕೊಳೆತುಹೋದವು. ಉಳಿದವು ಚೀನಾದಿಂದ ಆಫ್ರಿಕಾದವರೆಗೆ ಬ್ರಿಟಿಷ್ ಕಾನ್ಸಲರ ಕೈಯಾಳಾದವು. ಕಾನ್ಸಲ್ ಪತ್ರ ಬರೆಯುವುದು, ಗನ್‌ಬೋಟ್ ಬಂದು ಅರಮನೆಯ ಎದುರು ಲಂಗರು ಹಾಕುವುದು, ಅರಸ ಸಹಿ ಹಾಕುವುದು. ಎಷ್ಟೋ ಸಲ ಗುಂಡು ಹಾರಿಸುವ ಅಗತ್ಯವೇ ಬೀಳಲಿಲ್ಲ. 1861ರಲ್ಲಿ ‘ಪ್ರಮಿಥಿಯಸ್’ ಎಂಬ ಸಣ್ಣ ಯುದ್ಧನೌಕೆಯ ಫಿರಂಗಿಗಳ ಎದುರಿನಲ್ಲಿ ಲಾಗೋಸಿನ ಅರಸ ದೊಸುನ್ಮು ತನ್ನ ನಾಡನ್ನು ಬರೆದುಕೊಟ್ಟ. ಅವನಿಗೆ ಗೊತ್ತುಮಾಡಿದ ಪಿಂಚಣಿ ವರ್ಷಕ್ಕೆ 1,200 ಚೀಲ ಕವಡೆ.

ಸೋಲೂ ಆಗಿದೆ, ಅದನ್ನು ಹೇಳದಿದ್ದರೆ ಚೀನೀಯರಿಗೆ ಅನ್ಯಾಯ. 1859ರ ಜೂನ್ 25ರಂದು ಬೀಜಿಂಗಿನ ದಾರಿ ಕಾಯುವ ತಾಕು ಕೋಟೆಗಳ ಮೇಲೆ ಅಡ್ಮಿರಲ್ ಹೋಪ್ ಗನ್‌ಬೋಟುಗಳನ್ನು ನುಗ್ಗಿಸಿದ. ಚೀನೀಯರು ನದಿಗೆ ಅಡ್ಡಲಾಗಿ ಕಬ್ಬಿಣದ ಗೂಟ, ಸರಪಳಿಗಳ ತಡೆ ಕಟ್ಟಿ ಕಾದಿದ್ದರು. ಬೋಟುಗಳು ಅಲ್ಲಿ ಸಿಕ್ಕಿಕೊಂಡಾಗ ಕೋಟೆಯ ಫಿರಂಗಿಗಳು ಬಾಯಿ ಬಿಟ್ಟವು. ಮೂರು ಬೋಟು ಹೋದವು, ನಾನೂರಕ್ಕೂ ಹೆಚ್ಚು ಬ್ರಿಟಿಷರು ಸತ್ತರು ಇಲ್ಲವೇ ಗಾಯಗೊಂಡರು, ಹೋಪ್‌ಗೂ ಗಾಯವಾಯಿತು. ಮರುವರ್ಷ ಬ್ರಿಟಿಷರು ಫ್ರೆಂಚರನ್ನು ಕೂಡಿಕೊಂಡು ದೊಡ್ಡ ಸೈನ್ಯದೊಂದಿಗೆ ಬಂದು ಸೇಡು ತೀರಿಸಿಕೊಂಡರು.

ಕೊನೆಗೆ ಮತ್ತೆ ಐರಾವತಿ. 1885ರ ನವೆಂಬರ್ 14ರಂದು ಜನರಲ್ ಪ್ರೆಂಡರ್‌ಗಾಸ್ಟ್‌ನ ಸೈನ್ಯ ಸ್ಟೀಮರುಗಳ ಸಾಲಿನಲ್ಲಿ ಬರ್ಮಾ ಅರಸನ ರಾಜ್ಯದ ಗಡಿ ದಾಟಿತು. ಹೆಚ್ಚಿನವು ಐರಾವತಿ ಫ್ಲೋಟಿಲ್ಲಾ ಕಂಪನಿಯ ಸರಕು ಸ್ಟೀಮರುಗಳು. ಡಯಾನಾ ತೆರೆದ ನೀರಿನಲ್ಲಿ ವ್ಯಾಪಾರ ಅಷ್ಟು ಬೆಳೆದಿತ್ತು. ಮೊದಲ ಯುದ್ಧಕ್ಕೆ ಸುಮಾರು ಎರಡು ವರ್ಷ ಹಿಡಿದಿತ್ತು. ಈ ಸಲ ಹದಿನೈದು ದಿನದೊಳಗೆ ರಾಜಧಾನಿ ಮ್ಯಾಂಡಲೆ ಕೈಸೇರಿತು. ಬರ್ಮಾದ ಕೊನೆಯ ಅರಸ ಥೀಬಾ ಮತ್ತು ರಾಣಿ ಸುಪಯಲಾತ್‌ರನ್ನು ಅದೇ ನದಿಯಲ್ಲಿ ಸ್ಟೀಮರ್ ಹತ್ತಿಸಿ ಕಳುಹಿಸಲಾಯಿತು. ರಂಗೂನು, ಮದ್ರಾಸು ದಾಟಿ ಅವರನ್ನು ಇರಿಸಿದ್ದು ಕೊಂಕಣ ತೀರದ ರತ್ನಗಿರಿಯಲ್ಲಿ. ಥೀಬಾ ತೀರಿಕೊಂಡದ್ದೂ ಅಲ್ಲೇ, 1916ರಲ್ಲಿ. ಮಂಗಳೂರಿನಿಂದಲೋ ಕಾರವಾರದಿಂದಲೋ ಕೊಂಕಣ ರೈಲು ಹತ್ತಿ ಮುಂಬಯಿಗೆ ಹೋಗುವವರು ಒಮ್ಮೆ ರತ್ನಗಿರಿಯಲ್ಲಿ ಇಳಿಯಲಿ. ಆ ಅರಸ ಕೊನೆಯ ವರ್ಷಗಳನ್ನು ಕಳೆದ ಕೆಂಪು ಅರಮನೆ ಈಗಲೂ ಅಲ್ಲಿದೆ.