ಟರ್ಕಿ ಕೋಳಿ ಮಲಗುವ ಮರ

ಅಮೆರಿಕದ ಹಳ್ಳಿಗಾಡಿನಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಕೆಲವರಿಗೆ ಸಂಜೆಹೊತ್ತು ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಹೊರಡುವಾಗ ಕೋವಿ ತೆಗೆದುಕೊಳ್ಳುವುದಿಲ್ಲ. ಒಂದು ದುರ್ಬೀನು, ಒಂದು ನಕ್ಷೆ ಇದ್ದರಾಯಿತು. ಗುಡ್ಡದ ನೆತ್ತಿಯಲ್ಲಿ ನಿಂತು ಕತ್ತಲಾಗುವುದನ್ನೇ ಕಾಯುತ್ತಾರೆ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಥೇಟ್ ಗೂಬೆಯ ಹಾಗೆ ಕೂಗುತ್ತಾರೆ. ಕಣಿವೆಯ ಯಾವುದೋ ಮರದಿಂದ ಗಳಗಳನೆ ಉತ್ತರ ಬಂದರೆ ಅಂದಿನ ಕೆಲಸ ಮುಗಿಯಿತು. ಕಾಡು ಟರ್ಕಿ ಹುಂಜ ಯಾವ ದಿಕ್ಕಿನ ಮರದಲ್ಲಿ ಮಲಗಿದೆ ಎಂಬುದು ತಿಳಿದಂತಾಯಿತು. ಸದ್ದು ಮಾಡದೆ ವಾಪಸಾಗುತ್ತಾರೆ. ಅನೇಕ ರಾಜ್ಯಗಳಲ್ಲಿ ಬೇಟೆಯ ಋತು ಶುರುವಾಗುವುದು ಏಪ್ರಿಲ್‌ನಲ್ಲಿ. ಅದಕ್ಕೆ ಮುಂಚಿನ ಈ ಹುಡುಕಾಟವೇ ಅರ್ಧ ಬೇಟೆ ಎನ್ನುತ್ತಾರೆ ಅನುಭವಸ್ಥರು.

ಗೂಬೆಯ ಕೂಗಿಗೆ ಹುಂಜ ಏಕೆ ಉತ್ತರಿಸಬೇಕು? ಬೆದೆಗಾಲದಲ್ಲಿ ಅದರ ಸ್ಥಿತಿಯೇ ಹಾಗೆ. ಗೂಬೆ, ಕಾಗೆ, ಕೊನೆಗೆ ಕಾರಿನ ಬಾಗಿಲು ಬಡಿದ ಸದ್ದಿಗೂ ತಡೆಯಲಾರದೆ ಕೂಗಿಬಿಡುತ್ತದೆ. ಹಗಲಿಡೀ ನೆಲದಲ್ಲಿ ಕೆದಕಿ ತಿನ್ನುವ ಎಂಟು ಹತ್ತು ಕಿಲೋ ತೂಕದ ಈ ಹಕ್ಕಿಗೆ ರಾತ್ರಿ ಕಣ್ಣು ಚೆನ್ನಾಗಿ ಕಾಣುವುದಿಲ್ಲ. ನರಿ, ಕಾಡುಬೆಕ್ಕುಗಳಿಂದ ತಪ್ಪಿಸಿಕೊಳ್ಳಲು ಮುಸ್ಸಂಜೆಗೆ ರೆಕ್ಕೆ ಬಡಿದು ಎತ್ತರದ ಕೊಂಬೆ ಸೇರುತ್ತದೆ. ನಮ್ಮ ನವಿಲಿನ ಹಾಗೆಯೇ. ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಮರದ ಬುಡದಲ್ಲಿ ಉದುರಿದ ಗರಿ, ಹಿಕ್ಕೆಯ ಗುಡ್ಡೆ ಕಂಡರೆ ಮೇಲೆ ಯಾರ ವಾಸ ಎಂಬುದು ಬಲ್ಲವರಿಗೆ ಗೊತ್ತಾಗುತ್ತದೆ. ಹುಂಜದ ಹಿಕ್ಕೆ ಉದ್ದವಾಗಿದ್ದು ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ, ಹೇಂಟೆಯದು ಸುರುಳಿ. ಮರಗಳೇ ಕಡಿಮೆ ಇರುವ ಟೆಕ್ಸಾಸ್‌ನ ಬಯಲಿನಲ್ಲಿ ಇವು ವರ್ಷಗಟ್ಟಲೆ ಒಂದೇ ತೋಪಿನಲ್ಲಿ ತಂಗುವುದೂ ಉಂಟು.

ಜೀವ ಉಳಿಸಿಕೊಳ್ಳಲು ಕಲಿತ ಈ ಅಭ್ಯಾಸವೇ ಒಂದು ಕಾಲಕ್ಕೆ ಅದರ ಜೀವಕ್ಕೆ ಮುಳುವಾಯಿತು. ಯುರೋಪಿನಿಂದ ಬಂದು ನೆಲೆಸಿದವರಿಗೆ ಟರ್ಕಿ ಎಂದರೆ ಕೈಗೆಟಕುವ ಮಾಂಸ. ಬೆಳದಿಂಗಳ ರಾತ್ರಿ ತಂಗುಮರದ ಕೆಳಗೆ ನಿಂತರೆ ಆಕಾಶಕ್ಕೆ ಎದುರಾಗಿ ಕರ್ರಗೆ ಕಾಣುವ ಹಕ್ಕಿಗಳನ್ನು ಒಂದೊಂದಾಗಿ ಉರುಳಿಸಬಹುದಿತ್ತು. ಹಕ್ಕಿಗಳ ಚಿತ್ರಕಾರ ಜಾನ್ ಜೇಮ್ಸ್ ಆಡುಬನ್ ತನ್ನ ಹೆಸರಾಂತ ಚಿತ್ರಮಾಲೆಯ ಮೊದಲ ಚಿತ್ರವನ್ನೇ ಕಾಡು ಟರ್ಕಿ ಹುಂಜಕ್ಕೆ ಮೀಸಲಿಟ್ಟವನು. ಆ ಕಾಲದ ಒಂದು ಬೋನನ್ನೂ ಆತ ವರ್ಣಿಸಿದ್ದಾನೆ. ಮರದ ತುಂಡುಗಳ ಒಂದು ದೊಡ್ಡಿ, ಅದರ ಗೋಡೆಯಡಿ ಒಳಕ್ಕೆ ಹೋಗುವ ಕಾಲುವೆ, ದಾರಿಯುದ್ದಕ್ಕೂ ಚೆಲ್ಲಿದ ಮೆಕ್ಕೆಜೋಳ. ಕಾಳು ಹೆಕ್ಕುತ್ತ ತಲೆ ತಗ್ಗಿಸಿ ಒಳಹೊಕ್ಕ ಹಕ್ಕಿ, ಹೊರಬರಲು ಮಾತ್ರ ತಲೆಯೆತ್ತಿ ಮೇಲೆಯೇ ದಾರಿ ಹುಡುಕುತ್ತದೆ. ಬಂದ ಕಾಲುವೆ ಕಾಲ ಬುಡದಲ್ಲೇ ಇದ್ದರೂ ಅದಕ್ಕೆ ಹೊಳೆಯುವುದಿಲ್ಲ.

ಕೋವಿ, ಬೋನುಗಳ ಜತೆಗೆ ಕೊಡಲಿಯೂ ಸೇರಿತು. ಹೊಲಕ್ಕಾಗಿ, ಮರಮುಟ್ಟಿಗಾಗಿ ಪೂರ್ವದ ಕಾಡು ಬೋಳಾಯಿತು. ಮಸಾಚುಸೆಟ್ಸ್ ರಾಜ್ಯದ ಕೊನೆಯ ಕಾಡು ಟರ್ಕಿ 1851ರಲ್ಲಿ ಮೌಂಟ್ ಟಾಮ್ ಬೆಟ್ಟದಲ್ಲಿ ಸತ್ತಿತು. 1920ರ ಹೊತ್ತಿಗೆ, ಅದು ಮೂಲತಃ ಇದ್ದ 39 ರಾಜ್ಯಗಳ ಪೈಕಿ 18ರಲ್ಲಿ ಹೆಸರಿಲ್ಲದಂತಾಗಿತ್ತು.

ಅಷ್ಟರಲ್ಲಿ ಇದರ ಸಾಕು ಬಂಧು ಜಗತ್ತನ್ನೇ ಸುತ್ತಿಬಂದಿತ್ತು ಎಂಬುದು ತಮಾಷೆ. ಮೆಕ್ಸಿಕೋದ ಮೂಲನಿವಾಸಿಗಳು ಪಳಗಿಸಿದ ಕೋಳಿಯನ್ನು ಸ್ಪೇನಿನವರು 16ನೇ ಶತಮಾನದ ಆರಂಭದಲ್ಲಿ ಯುರೋಪಿಗೆ ಒಯ್ದರು. ಇಂಗ್ಲಿಷರು ಅದನ್ನು ಟರ್ಕಿ ದೇಶದ್ದೆಂದು ಬಗೆದರು. ಟರ್ಕಿಯವರೋ ‘ಹಿಂದಿ’ ಎಂದು ಕರೆದು ಭಾರತಕ್ಕೆ ಗಂಟು ಹಾಕಿದರು. ಡಚ್ಚರ ‘ಕಾಲ್ಕೂನ್’ ಎಂಬ ಹೆಸರು ಬಂದದ್ದು ನಮ್ಮ ನೆರೆಯ ಕಲ್ಲಿಕೋಟೆಯಿಂದ. ಹಕ್ಕಿ ನಿಜವಾಗಿ ಭಾರತಕ್ಕೆ ಬಂದಾಗ ಮಾತ್ರ ಇಲ್ಲಿನವರು ಬೆರಗಾದರು. 1612ರಲ್ಲಿ ಗೋವೆಯಿಂದ ತಂದ ಟರ್ಕಿಯನ್ನು ಕಂಡ ಜಹಾಂಗೀರ್ ಅದರ ಚಿತ್ರ ಬರೆಸಿದ. ಆಸ್ಥಾನದ ಕಲಾವಿದ ಮನ್ಸೂರನ ಆ ಚಿತ್ರ ಇಂದಿಗೂ ಇದೆ.

ಅತ್ತ ಅಮೆರಿಕದಲ್ಲಿ ಕಾನೂನು ನಿಧಾನವಾಗಿ ಎಚ್ಚೆತ್ತಿತು. ಅಕ್ರಮವಾಗಿ ಕೊಂದ ಪ್ರಾಣಿಪಕ್ಷಿಗಳನ್ನು ರಾಜ್ಯದ ಗಡಿ ದಾಟಿಸಿ ಮಾರುವುದಕ್ಕೆ 1900ರ ಲೇಸಿ ಕಾಯ್ದೆ ಅಡ್ಡ ಬಂತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಕೋವಿ, ತೋಟೆಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೆಂದೇ ಎತ್ತಿಟ್ಟಿತು. ಹಣವೇನೋ ಬಂತು, ಹಕ್ಕಿ ಬರಲಿಲ್ಲ. ಅಧಿಕಾರಿಗಳು ಹಿಡಿದದ್ದು ಸುಲಭದ ದಾರಿ. ಫಾರಂಗಳಲ್ಲಿ ಮರಿ ಮಾಡಿಸಿ ಸಾವಿರಾರು ಟರ್ಕಿಗಳನ್ನು ಕಾಡಿಗೆ ಬಿಟ್ಟರು. ಬಿಟ್ಟವು ಬಿಟ್ಟಂತೆಯೇ ಮಾಯವಾದವು.

ಕಾಡಿನ ಮರಿ ಮೊದಲ ಎರಡು ವಾರ ನೆಲದ ಮೇಲೆ ತಾಯಿಯ ರೆಕ್ಕೆಯಡಿ ಮಲಗುತ್ತದೆ. ರೆಕ್ಕೆ ಬಲಿತೊಡನೆ ತಾಯಿಯ ಹಿಂದೆ ಕೊಂಬೆಗೆ ಹಾರುತ್ತದೆ. ಯಾವ ಸದ್ದಿಗೆ ಓಡಬೇಕು, ಯಾವುದಕ್ಕೆ ಅವಿತುಕೊಳ್ಳಬೇಕು ಎಂಬ ಪಾಠವೂ ಅವಳದೇ. ಫಾರಂ ಮರಿಗೆ ಈ ಪಾಠ ಹೇಳುವವರು ಯಾರು? ತಾಯಿಯಿಲ್ಲದ್ದು ಒಂದೇ ಕೊರತೆಯಲ್ಲ ಎಂದು ಮಿಸೌರಿಯಲ್ಲಿ ಅಧ್ಯಯನ ಮಾಡಿದ ಸ್ಟಾರ್ಕರ್ ಲಿಯೋಪೋಲ್ಡ್ 1944ರಲ್ಲಿ ತೋರಿಸಿದರು. ಸಾಕು ರಕ್ತ ಬೆರೆತ ಹಕ್ಕಿಗಳ ಮಿದುಳು, ಗ್ರಂಥಿಗಳೂ ಅಪ್ಪಟ ಕಾಡುಹಕ್ಕಿಯದಕ್ಕಿಂತ ಚಿಕ್ಕವು. ಕಾಡುತನ ರಕ್ತದಲ್ಲೇ ಇರಬೇಕಾದದ್ದು ಎಂಬುದು ಅವರ ತೀರ್ಮಾನ.

ಹಾಗಾದರೆ ಉಳಿದ ಕಾಡುಹಕ್ಕಿಗಳನ್ನೇ ಹಿಡಿದು ಬೇರೆಡೆ ಬಿಡಬೇಕು. ಆದರೆ ಅವು ಹತ್ತಿರ ಸೇರಿಸಿದರೆ ತಾನೆ? ಉಪಾಯ ಸಿಕ್ಕಿದ್ದು ಹೆಬ್ಬಾತು ಹಿಡಿಯುವವರಿಂದ. ಕಾಳು ಚೆಲ್ಲಿದ ಜಾಗದ ಅಂಚಿನಲ್ಲಿ ಬಲೆ ಮಡಚಿಟ್ಟು, ಸಣ್ಣ ಫಿರಂಗಿಗಳಿಂದ ಅದನ್ನು ಹಿಂಡಿನ ಮೇಲೆ ಹಾರಿಸುವುದು. ಟರ್ಕಿಗಳ ಮೇಲೆ ಇದು ಮೊದಲು ಫಲಿಸಿದ್ದು 1951ರಲ್ಲಿ, ದಕ್ಷಿಣ ಕ್ಯಾರೊಲಿನಾದ ಫ್ರಾನ್ಸಿಸ್ ಮೇರಿಯನ್ ಅರಣ್ಯದಲ್ಲಿ. ಆಮೇಲೆ ರಾಜ್ಯ ರಾಜ್ಯಗಳ ನಡುವೆ ಟರ್ಕಿ ವಿನಿಮಯವೇ ಶುರುವಾಯಿತು. 1937ರಲ್ಲಿ ಬೇಟೆ ನಿಲ್ಲಿಸಿದ್ದ ಮಿಸೌರಿ 1960ರ ವಸಂತದಲ್ಲಿ ಮೂರೇ ದಿನ, 14 ಕೌಂಟಿಗಳಲ್ಲಿ ಅನುಮತಿ ಕೊಟ್ಟಿತು. ಸಿಕ್ಕಿದ ಹುಂಜಗಳು 94. ಮಸಾಚುಸೆಟ್ಸ್‌ಗೆ 1972-73ರಲ್ಲಿ ನ್ಯೂಯಾರ್ಕ್‌ನಿಂದ ಬಂದ 37 ಹಕ್ಕಿಗಳ ಸಂತಾನ ಇಂದು ಬಾಸ್ಟನ್ ಸುತ್ತಲಿನ ಬಡಾವಣೆಗಳಲ್ಲಿ ರಸ್ತೆ ತಡೆ ನಡೆಸುವಷ್ಟು ಬೆಳೆದಿದೆ. ದೇಶದಲ್ಲಿ ಒಟ್ಟು ಸಂಖ್ಯೆ 60 ಲಕ್ಷ ದಾಟಿತು.

ಬೇಟೆಯ ರೀತಿಯೂ ಬದಲಾಯಿತು. ಮಲಗಿದ ಹಕ್ಕಿಗೆ ಗುಂಡು ಹೊಡೆಯುವುದನ್ನು ಅನೇಕ ರಾಜ್ಯಗಳು ನಿಷೇಧಿಸಿವೆ. ಆದ್ದರಿಂದ ಸಂಜೆ ಮರ ಗುರುತಿಸಿದವರು ಮರುದಿನ ನಸುಕಿನಲ್ಲೇ ಬಂದು ನೂರಿನ್ನೂರು ಗಜ ದೂರದಲ್ಲಿ ಮರಕ್ಕೊರಗಿ ಕೂರಬೇಕು. ಹುಂಜ ಇಳಿದ ಮೇಲೆ ಹೇಂಟೆಯ ದನಿ ಮಾಡಿ ಅದನ್ನು ಕರೆಯಬೇಕು. ಈ ದನಿಗೆಂದೇ ಮರದ ಪುಟ್ಟ ಪೆಟ್ಟಿಗೆ ಇದೆ. ಅರ್ಕನ್ಸಾದ ಹೆನ್ರಿ ಗಿಬ್ಸನ್ 1897ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದ. ತೊಡಕೆಂದರೆ, ಸಹಜವಾಗಿ ಹುಂಜದ ಬಳಿಗೆ ಹೇಂಟೆ ಹೋಗುತ್ತದೆಯೇ ಹೊರತು ಹೇಂಟೆಯ ಬಳಿಗೆ ಹುಂಜ ಬರುವುದು ಕಡಿಮೆ. ತಿರುಗುಮುರುಗಾದ ಈ ಕರೆಗೆ ಅದು ಅನುಮಾನಪಟ್ಟು ದೂರದಲ್ಲೇ ನಿಂತುಬಿಡುವುದೇ ಹೆಚ್ಚು. ಬರಿಗೈಯಲ್ಲಿ ಮರಳುವವರಿಗೆ ಲೆಕ್ಕವಿಲ್ಲ.

1972ರ ಕಾಯ್ದೆಯ ನಂತರ ಬೇಟೆಯನ್ನು ಅಪರಾಧವೆಂದೇ ಕಂಡ ನಮಗೆ, ಬೇಟೆಗಾರನ ತೆರಿಗೆಯಿಂದ ಹಕ್ಕಿ ಉಳಿಯಿತು ಎಂಬ ಮಾತು ವಿಚಿತ್ರವೆನಿಸಬಹುದು. ಅಲ್ಲಿಯೂ ಲೆಕ್ಕ ಸಲೀಸಾಗಿಲ್ಲ. ಈಚಿನ ವರ್ಷಗಳಲ್ಲಿ ಆಗ್ನೇಯದ ರಾಜ್ಯಗಳಲ್ಲಿ ಟರ್ಕಿ ಮತ್ತೆ ಕಡಿಮೆಯಾಗುತ್ತಿದೆ. ಮರಿಗಳು ಬದುಕುಳಿಯುತ್ತಿಲ್ಲ. ಗೂಡು ಬೇಟೆಯಾಡುವ ಪ್ರಾಣಿಗಳು, ಬದಲಾದ ಕಾಡು ಎಂದು ಕಾರಣ ಹಲವು. ಹೇಂಟೆಗಳು ಮೊಟ್ಟೆಯಿಡುವ ಮೊದಲೇ ಬಲಿಷ್ಠ ಹುಂಜಗಳು ಬೇಟೆಗೆ ಬಲಿಯಾಗುತ್ತಿವೆ ಎಂಬ ವಾದವೂ ಇದೆ. ಅದನ್ನು ಎಲ್ಲ ತಜ್ಞರೂ ಒಪ್ಪಿಲ್ಲ. ಟೆನೆಸ್ಸೀ ರಾಜ್ಯ 2023ರಲ್ಲಿ ಋತುವನ್ನು ಎರಡು ವಾರ ಮುಂದೂಡಿ, ಒಬ್ಬರಿಗೆ ಎರಡೇ ಹುಂಜ ಎಂದು ಮಿತಿ ಹಾಕಿತು. ಏಪ್ರಿಲ್ ಮೊದಲ ವಾರದಲ್ಲಿ ಅಲ್ಲಿ ಗುಡ್ಡದ ಮೇಲೆ ಗೂಬೆಯಂತೆ ಕೂಗಿದವರಿಗೆ ಹುಂಜ ಉತ್ತರವನ್ನೇನೋ ಕೊಟ್ಟಿತು, ಕೋವಿ ಮಾತ್ರ ಮನೆಯ ಗೋಡೆಯಲ್ಲೇ ಉಳಿಯಬೇಕಾಯಿತು.