ಮೇನ್ ಸ್ವಿಚ್ ಆರಿಸಿದರೂ ಆರದ ತಂತಿ: ಮಲೆನಾಡಿನ ಮನೆಗಳಲ್ಲಿ ಸ್ಮೋಕ್ ಅಲಾರಂ ಅಳವಡಿಕೆ, ನಿರ್ವಹಣೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಸಾಲಿನಲ್ಲಿ ಕಾಫಿ ತೋಟದ ಮನೆಗಳು ಒಂದಕ್ಕೊಂದು ಕೂಗಿದರೆ ಕೇಳಿಸದಷ್ಟು ದೂರದಲ್ಲಿರುತ್ತವೆ. ಹೆತ್ತೂರು, ಯಸಳೂರು, ಹಾನುಬಾಳು ಕಡೆಯ ತಿರುವು ರಸ್ತೆಗಳಲ್ಲಿ, ಅದರಲ್ಲೂ ಮುಂಗಾರಿನ ರಾತ್ರಿಯಲ್ಲಿ, ಅಗ್ನಿಶಾಮಕ ವಾಹನ ಬೇಗನೆ ಬಂದು ಸೇರುತ್ತದೆಂದು ನಂಬಿ ಕೂರುವಂತಿಲ್ಲ. ಇಂತಹ ಕಡೆ ಬೆಂಕಿಯನ್ನು ಮೊದಲು ಕಾಣಬೇಕಾದವರು ಮನೆಯವರೇ. ಹೊಸದಾಗಿ ಕಟ್ಟಿದ ತೋಟದ ಬಂಗಲೆಗಳಲ್ಲೂ ಹೋಂಸ್ಟೇಗಳಲ್ಲೂ ಮಾಳಿಗೆಗೆ ಬಿಳಿಯ ದುಂಡನೆಯ ಸ್ಮೋಕ್ ಅಲಾರಂ ಬಂದು ಕೂತಿರುವುದು ಈ ಕಾರಣಕ್ಕಾಗಿ. ಆದರೆ ಸಾಧನ ಬಂದಷ್ಟು ಸುಲಭವಾಗಿ ಅದರ ಆರೈಕೆಯ ತಿಳಿವಳಿಕೆ ಬಂದಿಲ್ಲ. ವಿದ್ಯುತ್ ತಂತಿಗೆ ನೇರವಾಗಿ ಜೋಡಿಸಿದ ಅಲಾರಂ ಅನ್ನು ಬಲ್ಬಿನಂತೆ ಬಿಚ್ಚಿ ತೆಗೆಯಲು ಹೋಗುವುದು ಅಪಾಯಕಾರಿಯಾಗಿದೆ.

ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ ಎಂಬುದನ್ನು ರಾಜ್ಯದ ಜನ 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ದುರಂತದಲ್ಲಿ ಕಂಡರು. ಮೆಟ್ಟಿಲುಗಳನ್ನು ತುಂಬಿಕೊಂಡ ಹೊಗೆ ಜನರನ್ನು ಒಳಗೇ ಸಿಲುಕಿಸಿತು. ಒಂಬತ್ತು ಮಂದಿ ಸತ್ತರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಬೆಂಕಿ ಪತ್ತೆ ವ್ಯವಸ್ಥೆಯ ವಿಷಯದಲ್ಲಿ ಮುಖ್ಯವಾಗಿ ಎತ್ತರದ ಕಟ್ಟಡ, ಹೋಟೆಲ್, ಆಸ್ಪತ್ರೆಗಳನ್ನು ಗಮನದಲ್ಲಿಟ್ಟುಕೊಂಡಿದೆ. ತೋಟದ ಒಂಟಿ ಮನೆಯಲ್ಲಿ ಅಲಾರಂ ಇದೆಯೇ, ಇದ್ದರೆ ಕೂಗುತ್ತದೆಯೇ ಎಂದು ಬಂದು ನೋಡುವವರು ಯಾರೂ ಇಲ್ಲ.

ಎರಡು ಬಗೆಯ ಸಾಧನಗಳು

ತಂತಿಯ ಅಲಾರಂಗಳಲ್ಲಿ ಎರಡು ಬಗೆಗಳಿವೆ. ನೋಡಲು ಒಂದೇ ತೆರನಾಗಿದ್ದರೂ ಕೆಲಸ ಬೇರೆ. ಮೊದಲನೆಯದು 230 ವೋಲ್ಟಿನ ಮನೆಯ ವಿದ್ಯುತ್ತಿನಿಂದಲೇ ನಡೆಯುವ, ಒಳಗೆ ಸಹಾಯಕ ಬ್ಯಾಟರಿಯನ್ನೂ ಕೂಗುವ ಸದ್ದನ್ನೂ ಹೊಂದಿರುವ ಸ್ವತಂತ್ರ ಸಾಧನ. ಎರಡನೆಯದು ಸಾಮಾನ್ಯವಾಗಿ 24 ವೋಲ್ಟ್ ಡಿ.ಸಿ.ಯಲ್ಲಿ ನಡೆಯುವ, ಗೋಡೆಯ ಮೇಲಿನ ನಿಯಂತ್ರಣ ಫಲಕಕ್ಕೆ ಜೋಡಿಸಿದ ಡಿಟೆಕ್ಟರ್. ಹೋಟೆಲ್ಲುಗಳಲ್ಲಿ ಕಾಣುವುದು ಹೆಚ್ಚಾಗಿ ಇದನ್ನೇ. ಇದು ತಾನಾಗಿ ಕೂಗುವುದಿಲ್ಲ. ಫಲಕಕ್ಕೆ ಸಂಕೇತ ಕಳಿಸುತ್ತದೆ, ಫಲಕವು ಬೇರೆಡೆ ಇರುವ ಹೂಟರ್ ಅನ್ನು ಕೂಗಿಸುತ್ತದೆ. ಫಲಕದ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋದ ರಾತ್ರಿ ಇಡೀ ಮನೆಯ ಡಿಟೆಕ್ಟರುಗಳೆಲ್ಲವೂ ಒಟ್ಟಿಗೆ ಮೂಕವಾಗುತ್ತವೆ. ಹೋಂಸ್ಟೇ ನಡೆಸುವವರು ತಮ್ಮಲ್ಲಿರುವುದು ಯಾವ ಬಗೆ ಎಂದು ಮೊದಲು ತಿಳಿದುಕೊಳ್ಳಬೇಕು. ಮುಂದಿನ ವಿವರಗಳು ಬಹುಪಾಲು 230 ವೋಲ್ಟಿನ ಬಗೆಗೆ ಸಂಬಂಧಿಸಿದವು.

ವಿದೇಶದಲ್ಲಿರುವ ಮಕ್ಕಳು ತಂದುಕೊಟ್ಟ ಅಲಾರಂ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು. ಅಮೆರಿಕದ ತಂತಿ ಅಲಾರಂಗಳು 120 ವೋಲ್ಟಿಗೆ ಮಾಡಿದವು. ನಮ್ಮ 230 ವೋಲ್ಟಿಗೆ ಜೋಡಿಸಿದರೆ ಸುಟ್ಟುಹೋಗುತ್ತವೆ. ಅಷ್ಟೇ ಅಲ್ಲ, ಅಲ್ಲಿ ಕಪ್ಪು ತಂತಿ ಫೇಸ್, ಬಿಳಿಯದು ನ್ಯೂಟ್ರಲ್. ನಮ್ಮ ಮನೆಗಳಲ್ಲಿ ಕೆಂಪು, ಹಳದಿ, ನೀಲಿ ಫೇಸ್ ಆಗಿದ್ದು ಕಪ್ಪು ನ್ಯೂಟ್ರಲ್ ಆಗಿರುವುದು ರೂಢಿ. ಬ್ರಿಟನ್ನಿನಿಂದ ತಂದದ್ದಾದರೆ ವೋಲ್ಟೇಜು ಹೊಂದುತ್ತದೆ, ಆದರೆ ಬಣ್ಣಗಳನ್ನು ಅದರ ಕೈಪಿಡಿಯಲ್ಲಿ ನೋಡಿಯೇ ಜೋಡಿಸಬೇಕು.

ಇನ್ವರ್ಟರ್ ಎಂಬ ಎರಡನೆಯ ಮೂಲ

ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಗೆ ಬರುವ ಈ ಬೆಟ್ಟಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಹೊಸದಲ್ಲ. ಆದ್ದರಿಂದ ಇಲ್ಲಿ ಇನ್ವರ್ಟರ್ ಇಲ್ಲದ ಮನೆ ಅಪರೂಪ. ಕೆಲವೆಡೆ ಡೀಸೆಲ್ ಜನರೇಟರ್, ಸೌರಫಲಕಗಳೂ ಇವೆ. ಎಲೆಕ್ಟ್ರಿಷಿಯನ್ ಅಲಾರಂಗೆ ಹತ್ತಿರದ ದೀಪದ ಪಾಯಿಂಟಿನಿಂದಲೇ ತಂತಿ ಎಳೆಯುತ್ತಾನೆ. ದೀಪದ ಸರ್ಕಿಟ್ ಸಾಮಾನ್ಯವಾಗಿ ಇನ್ವರ್ಟರಿನದು. ಇದರಿಂದ ಅನುಕೂಲವೇ ಹೆಚ್ಚು, ದಿನಗಟ್ಟಲೆ ಕರೆಂಟ್ ಹೋದರೂ ಅಲಾರಂ ಎಚ್ಚರವಾಗಿರುತ್ತದೆ. ತೊಂದರೆ ಬರುವುದು ಅದನ್ನು ಬಿಚ್ಚುವಾಗ.

ಮನೆಯವರು ಮೇನ್ ಸ್ವಿಚ್ ಆರಿಸುತ್ತಾರೆ. ಇನ್ವರ್ಟರ್ ಅದನ್ನು ಕರೆಂಟ್ ಹೋಯಿತೆಂದು ತಿಳಿದು, ಕಣ್ಣು ಮಿಟುಕಿಸುವುದರೊಳಗೆ ಬ್ಯಾಟರಿಯಿಂದ ಅದೇ ತಂತಿಗೆ 230 ವೋಲ್ಟ್ ಕಳಿಸುತ್ತದೆ. ಏಣಿ ಹತ್ತಿದವನ ಕೈಯಲ್ಲಿರುವುದು ಜೀವಂತ ತಂತಿ. ಇದಕ್ಕೆ ತಿರುಗಿ, ಇನ್ವರ್ಟರಿನ ಮುಂಭಾಗದ ಗುಂಡಿಯನ್ನು ಮಾತ್ರ ಆರಿಸಿದರೂ ಸಾಲದು. ಹಲವು ಮಾದರಿಗಳಲ್ಲಿ ಆ ಗುಂಡಿ ಬ್ಯಾಟರಿಯ ಸರಬರಾಜನ್ನಷ್ಟೇ ನಿಲ್ಲಿಸುತ್ತದೆ, ಕಂಬದ ವಿದ್ಯುತ್ತು ಎಂದಿನಂತೆ ಹಾದುಹೋಗುತ್ತಲೇ ಇರುತ್ತದೆ. ಎರಡನ್ನೂ ಆರಿಸಬೇಕು. ಜನರೇಟರ್ ತಾನಾಗಿಯೇ ಚಾಲೂ ಆಗುವಂತಹದಾದರೆ ಅದನ್ನೂ, ಸೌರ ಇನ್ವರ್ಟರ್ ಇದ್ದರೆ ಅದನ್ನೂ ನಿಲ್ಲಿಸಬೇಕು. ಎಲ್ಲಕ್ಕಿಂತ ಒಳ್ಳೆಯದು, ಅಲಾರಂಗಳೆಲ್ಲವನ್ನೂ ಇನ್ವರ್ಟರಿನ ಹೊರಹರಿವಿನಲ್ಲಿ ಪ್ರತ್ಯೇಕವಾದ ಒಂದು ಎಂಸಿಬಿಗೆ ಸೇರಿಸಿ, ಫೇಸ್ ಜೊತೆ ನ್ಯೂಟ್ರಲನ್ನೂ ಕಡಿಯುವ ಎರಡು ಧ್ರುವದ ಎಂಸಿಬಿಯನ್ನೇ ಹಾಕಿಸಿ, ಅದರ ಮೇಲೆ ಕನ್ನಡದಲ್ಲಿ ಹೆಸರು ಬರೆದಿಡುವುದು. ಆರಿಸಿದ ಮೇಲೆ ‘ಕೆಲಸ ನಡೆದಿದೆ’ ಎಂಬ ಚೀಟಿ ಅಂಟಿಸಬೇಕು. ಕತ್ತಲಾಯಿತೆಂದು ಮನೆಯ ಇನ್ನೊಬ್ಬರು ಬಂದು ಸ್ವಿಚ್ ಎತ್ತುವುದು ತೀರ ಸಹಜ.

ನಿಯಾನ್ ದೀಪದ ಟೆಸ್ಟರನ್ನು ನಂಬಬಾರದು. ಒಣ ಮರದ ಏಣಿಯ ಮೇಲೆ ರಬ್ಬರ್ ಚಪ್ಪಲಿ ತೊಟ್ಟು ನಿಂತವನಿಗೆ ಜೀವಂತ ತಂತಿಯಲ್ಲೂ ಅದು ಸರಿಯಾಗಿ ಉರಿಯದೇ ಇರಬಹುದು. ಮಲ್ಟಿಮೀಟರ್ ಅಥವಾ ಎರಡು ಮೊನೆಯ ಟೆಸ್ಟರನ್ನು ಮೊದಲು ಕರೆಂಟ್ ಇರುವುದು ಖಚಿತವಾದ ಒಂದು ಕಡೆ ಇಟ್ಟು ನೋಡಬೇಕು, ನಂತರ ಅಲಾರಂ ತಂತಿಯಲ್ಲಿ, ಕೊನೆಗೆ ಮತ್ತೆ ಕರೆಂಟ್ ಇರುವ ಕಡೆ. ಪ್ರತ್ಯೇಕ ಎಂಸಿಬಿ ಇರುವ ಮನೆಯಲ್ಲಿ ಇದು ಸುಲಭ. ಎಲ್ಲ ಮೂಲಗಳನ್ನೂ ಆರಿಸಬೇಕಾದ ಮನೆಯಲ್ಲಿ ಉಪಕರಣದ ಪರೀಕ್ಷೆಗೆ ಹೊಸ ಒಣ ಬ್ಯಾಟರಿ ಉಪಯೋಗಕ್ಕೆ ಬಾರದು, ಎ.ಸಿ. ಪರೀಕ್ಷೆಗೆ ಎ.ಸಿ.ಯೇ ಬೇಕು, ಆದ್ದರಿಂದ ಆ ಮನೆಯವರು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನನ್ನು ಕರೆಸುವುದೇ ಲೇಸು. ಹೊಸ ತಂತಿ ಎಳೆಯುವ ಕೆಲಸವಂತೂ ರಾಜ್ಯ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಉಳ್ಳವರದೇ ಆಗಿದೆ.

ಹೆಚ್ಚಿನ ಅಲಾರಂಗಳ ಕೆಳಗಿನ ಭಾಗ ಎಡಕ್ಕೆ ತಿರುಗಿಸಿದರೆ, ಕೆಲವು ಪಕ್ಕಕ್ಕೆ ಜಾರಿಸಿದರೆ ಬಿಡಿಸಿಕೊಳ್ಳುತ್ತದೆ. ಹಿಂದಿನ ಪ್ಲಗ್ಗನ್ನು ಅದರ ತುದಿ ಹಿಡಿದು ಎಳೆಯಬೇಕೇ ಹೊರತು ತಂತಿ ಹಿಡಿದಲ್ಲ. ವಿದ್ಯುತ್ತಿನಿಂದ ಕಳಚಿದ ಮೇಲೂ ಬ್ಯಾಟರಿಯಿಂದ ಅದು ಕೂಗಬಹುದು. ಬ್ಯಾಟರಿ ತೆಗೆದು ಪರೀಕ್ಷಾ ಗುಂಡಿಯನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಶಕ್ತಿ ಇಳಿದು ಸುಮ್ಮನಾಗುತ್ತದೆ. ಹೊಸ ಸಾಧನ ತರುವಾಗ ಹಳೆಯ ಪ್ಲಗ್ ಅದಕ್ಕೆ ಹೊಂದಿತೆಂಬ ಮಾತ್ರಕ್ಕೆ ಜೋಡಿಸಬಾರದು. ಒಂದಕ್ಕೊಂದು ಸಂಕೇತದ ತಂತಿಯಿಂದ ಬೆಸೆದ ಅಲಾರಂಗಳು ಒಂದೇ ತಯಾರಕರ, ಹೊಂದಿಕೆಯೆಂದು ಘೋಷಿಸಿದ ಮಾದರಿಗಳಾಗಿರಬೇಕು. ಒಂದೇ ಸರ್ಕಿಟ್ಟಿನಲ್ಲಿಯೂ ಇರಬೇಕು.

ಎಲ್ಲಿ, ಹೇಗೆ ಕೂರಿಸಬೇಕು

ಮಂಗಳೂರು ಹೆಂಚಿನ ಮನೆಯೇ ಇಲ್ಲಿನ ದೊಡ್ಡ ಪ್ರಶ್ನೆ. ಮಾಳಿಗೆ ಇಲ್ಲದ ಹೆಂಚಿನಡಿ ಹೊಗೆ ಸಂದುಗಳಿಂದ ಹೊರಗೆ ಹೋಗಿಬಿಡುತ್ತದೆ, ಜೊತೆಗೆ ಮಂಜು ಒಳಗೆ ಬರುತ್ತದೆ. ಹಲಗೆಯ ಮಾಳಿಗೆ ಇರುವ ಮಲಗುವ ಕೋಣೆಗಳು ಮತ್ತು ಅವುಗಳ ನಡುವಿನ ಪಡಸಾಲೆಯೇ ಸೂಕ್ತ ಸ್ಥಳ. ಇಳಿಜಾರು ಮಾಳಿಗೆಯಾದರೆ ನೆತ್ತಿಯಿಂದ ಸುಮಾರು ಮೂರು ಅಡಿಯೊಳಗೆ ಇರಬೇಕು, ಆದರೆ ನೆತ್ತಿಯ ತುದಿಯ ನಾಲ್ಕು ಅಂಗುಲದಲ್ಲಿ ಗಾಳಿ ನಿಂತಿರುವುದರಿಂದ ಅಲ್ಲಿ ಬೇಡ. ಒಲೆಯಿಂದ ಹತ್ತು ಅಡಿ, ಬಚ್ಚಲಿನ ಬಾಗಿಲಿನಿಂದ ಮತ್ತು ಫ್ಯಾನಿನ ರೆಕ್ಕೆಯ ತುದಿಯಿಂದ ಮೂರು ಅಡಿ ದೂರವಿರಲಿ. ಹಂಡೆ ಒಲೆಯ ಬಚ್ಚಲು, ಸೌದೆ ಒಲೆಯ ಅಡುಗೆಮನೆಗಳಲ್ಲಿ ಹೊಗೆಯ ಬದಲು ಶಾಖಕ್ಕೆ ಕೂಗುವ ಸಾಧನವನ್ನು ಹಾಕಿಸುವುದು ವಿವೇಕ. ದಿನಕ್ಕೆರಡು ಬಾರಿ ಸುಳ್ಳು ಕೂಗುವ ಅಲಾರಂನ ಬಾಯಿಗೆ ಮೂರನೆಯ ದಿನ ಬಟ್ಟೆ ಬೀಳುತ್ತದೆ.

ಅಟ್ಟದ ಮೇಲಿನ ತಂತಿಯನ್ನು ಇಲಿ ಕಡಿಯದಂತೆ ಪೈಪಿನೊಳಗೆ ಹಾಯಿಸಬೇಕು. ಕೂಡುಗಂಟುಗಳನ್ನು ಟೇಪು ಸುತ್ತಿ ಮರದ ಮೇಲೆ ಬಿಡದೆ ಜಂಕ್ಷನ್ ಪೆಟ್ಟಿಗೆಯಲ್ಲಿಡಬೇಕು. ತಂತಿ ಇಳಿಯುವ ರಂಧ್ರವನ್ನು ಮುಚ್ಚದೆ ಬಿಡುವುದು ಬಹುಮಂದಿ ಗಮನಿಸದ ಲೋಪ: ಹೆಂಚಿನಡಿಯ ತಂಗಾಳಿ ಆ ರಂಧ್ರದಿಂದ ಅಲಾರಂನ ಒಳಕ್ಕೆ ನುಗ್ಗಿ, ಕೋಣೆಯ ಹೊಗೆಯನ್ನು ಹೊರಗೇ ತಡೆಯುತ್ತದೆ. ತಳದ ಪಟ್ಟಿಯನ್ನು ಪೊಳ್ಳು ಹಲಗೆಗಲ್ಲ, ಗಟ್ಟಿ ಮರಕ್ಕೆ ಅಥವಾ ಪೆಟ್ಟಿಗೆಗೆ ತಿರುಪಿನಿಂದ ಬಿಗಿಯಬೇಕು. ಅತಿಥಿಗಳು ಬಂದು ಹೋಗುವ ಮನೆಯಲ್ಲಿ, ಉಪಕರಣವಿಲ್ಲದೆ ಬಿಚ್ಚಲಾಗದಂತೆ ತಡೆಯುವ ಸಣ್ಣ ಬೀಗದ ಕಡ್ಡಿ ಇರುವ ಮಾದರಿ ಒಳಿತು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಅಂಜುವವರು ಮುಖ್ಯ ಫಲಕದಲ್ಲಿ ಸರ್ಜ್ ನಿರೋಧಕ ಹಾಕಿಸಬಹುದು, ಆದರೆ ಭೂಸಂಪರ್ಕ ಸರಿಯಿಲ್ಲದ ಮನೆಯಲ್ಲಿ ಅದು ಕೇವಲ ಅಲಂಕಾರ.

ಮಂಜು, ಹುಳು, ಚಳಿ

ಮೊದಲ ಮಳೆಗೆ ಏಳುವ ಗೆದ್ದಲಿನ ರೆಕ್ಕೆಹುಳುಗಳು, ಜೇಡ, ಧೂಳು ಮತ್ತು ತೇವ ಸೇರಿ ಬೆಳಕಿನ ಕಿರಣದಿಂದ ಹೊಗೆ ಗುರುತಿಸುವ ಸಾಧನವನ್ನು ಕೆಡಿಸುತ್ತವೆ. ಮಳೆ ಹಿಡಿಯುವ ಮೊದಲೊಮ್ಮೆ, ಅಕ್ಟೋಬರಿನಲ್ಲಿ ಮತ್ತೊಮ್ಮೆ, ಕಾಫಿ ಕೊಯ್ಲಿನ ಗಡಿಬಿಡಿ ಶುರುವಾಗುವುದಕ್ಕೆ ಮುಂಚೆ, ಮೃದು ಕುಂಚವಿರುವ ವ್ಯಾಕ್ಯೂಮಿನಿಂದ ಹೊರಗಿನ ಸಂದುಗಳನ್ನು ಶುಚಿಗೊಳಿಸಬೇಕು. ನೀರು, ಸೋಪು, ಕೀಟನಾಶಕ ಸಿಂಪಡಣೆ ಕೂಡದು. ಮರಗೆಲಸ, ಪಾಲಿಶ್ ನಡೆಯುವಾಗ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಅದೇ ಸಂಜೆ ತೆಗೆಯಬೇಕು.

ಡಿಸೆಂಬರ್, ಜನವರಿಯ ನಸುಕಿನಲ್ಲಿ ಅಲಾರಂ ‘ಚಿಂವ್’ ಎಂದು ಆಗಾಗ ಸದ್ದು ಮಾಡಿ, ಬಿಸಿಲೇರಿದಂತೆ ಸುಮ್ಮನಾಗುವುದುಂಟು. ಅದು ದೋಷವಲ್ಲ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗಿ, ತನ್ನ ಕೊನೆ ಸಮೀಪಿಸಿದೆಯೆಂದು ಅದು ಹೇಳುತ್ತಿರುತ್ತದೆ. ಅಂದೇ ಬದಲಿಸಬೇಕು, ತಯಾರಕರು ಹೇಳದ ಹೊರತು ರೀಚಾರ್ಜ್ ಬ್ಯಾಟರಿ ಹಾಕಬಾರದು. ಚಳಿಗೆ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದಿಟ್ಟು ಬಾಗಿಲು ಮುಚ್ಚುವವರು ತಿಳಿಯಬೇಕಾದ್ದು ಬೇರೆಯೇ ಇದೆ. ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯ ಅಲಾರಂ ಅದನ್ನು ಗುರುತಿಸುವುದೂ ಇಲ್ಲ. ಅದಕ್ಕೆ ಪ್ರತ್ಯೇಕ ಸಾಧನವೇ ಬೇಕು.

ತಿಂಗಳಿಗೊಮ್ಮೆ ಪರೀಕ್ಷಾ ಗುಂಡಿ ಒತ್ತಿ, ಎಲ್ಲ ಕೋಣೆಗಳ ಅಲಾರಂ ಒಟ್ಟಿಗೆ ಕೂಗುತ್ತವೆಯೇ, ಮೇಲ್ಮಹಡಿಯಲ್ಲಿ ಬಾಗಿಲು ಮುಚ್ಚಿ ಮಲಗಿದ ವೃದ್ಧರಿಗೆ ಅದು ಕೇಳಿಸುತ್ತದೆಯೇ ಎಂದು ನೋಡಬೇಕು. ಊದುಬತ್ತಿಯ ಹೊಗೆ ಹಿಡಿದು ಪರೀಕ್ಷಿಸುವ ರೂಢಿ ಸರಿಯಲ್ಲ, ಅದರ ಎಣ್ಣೆಯ ಅಂಶ ಒಳಗೆ ಅಂಟಿಕೊಳ್ಳುತ್ತದೆ. ಇದಕ್ಕೆಂದೇ ತಯಾರಾದ ಪರೀಕ್ಷಾ ಸ್ಪ್ರೇ ಸಿಗುತ್ತದೆ.

ಸಾಧನದ ಬೆನ್ನಿನ ಮೇಲೆ ತಯಾರಾದ ದಿನಾಂಕ ಇರುತ್ತದೆ. ಅದರಿಂದ ಹತ್ತು ವರ್ಷಕ್ಕೆ, ಗುಂಡಿ ಒತ್ತಿದಾಗ ಚೆನ್ನಾಗಿಯೇ ಕೂಗುತ್ತಿದ್ದರೂ, ಬದಲಿಸಬೇಕು. ಹಳೆಯದು ಅಯಾನು ಬಗೆಯದಾಗಿದ್ದರೆ ಅದರೊಳಗೆ ಅಮೆರಿಸಿಯಂ-241 ಎಂಬ ವಿಕಿರಣ ವಸ್ತುವಿನ ಅತ್ಯಲ್ಪ ತುಣುಕು ಇರುತ್ತದೆ. ಹಾಗಿದ್ದಲ್ಲಿ ಬೆನ್ನಿನ ಮೇಲೆ ವಿಕಿರಣದ ಗುರುತು ಮುದ್ರಿತವಾಗಿರುತ್ತದೆ. ಮಾಳಿಗೆಯಲ್ಲಿ ಇರುವವರೆಗೆ ಅದರಿಂದ ಮನೆಯವರಿಗೆ ತೊಂದರೆಯಿಲ್ಲ. ಆದರೆ ಅದನ್ನು ಒಡೆಯುವುದು, ಕಸದ ಜೊತೆ ತೋಟದಲ್ಲಿ ಸುಡುವುದು, ಗುಜರಿಗೆ ಹಾಕುವುದು ಕೂಡದು. ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಂತ್ರಣಕ್ಕೆ ಒಳಪಟ್ಟ ಈ ವಸ್ತುವನ್ನು ಮಾರಿದವರಿಗೇ ಹಿಂತಿರುಗಿಸಬೇಕು.